ಎಲೆ ಎತ್ತದ ಮದುವೆ ಊಟ

ನಮ್ಮ ಬೀಗರು ಒಂದು ಮದುವೆ ಊಟಕ್ಕೆ ಕೂತು ಎಂಟು ವರ್ಷವಾಯಿತು, ಇನ್ನೂ ಎದ್ದಿಲ್ಲ ಎಂದರೆ ನೀವು ನಂಬುತ್ತೀರಾ? ಹುಗ್ಗಿ ಮಾಡಿದವಳು ನಾನು. ಬಡಿಸಿದವಳೂ ನಾನೇ. ಉಂಡವರೆಲ್ಲ ಕೈ ತೊಳೆದು, ತೇಗಿ, ಮನೆ ಸೇರಿದರು. ಮದುಮಕ್ಕಳು ಸಂಸಾರ ಹೂಡಿದರು. ಆ ಸಂಸಾರವೂ ಮುರಿದು ಇಬ್ಬರೂ ಒಂದೊಂದು ದಿಕ್ಕಿಗೆ ಹೋದದ್ದೂ ಆಯಿತು. ನಮ್ಮ ಬೀಗರ ಎಲೆಯ ಮೇಲೆ ಮಾತ್ರ ಹುಗ್ಗಿ ಇನ್ನೂ ಹಾಗೇ ಇದೆ, ತುಪ್ಪವೂ ಆರಿಲ್ಲ!

ಹೊಟ್ಟೆಬಾಕರು ಎಂದುಕೊಳ್ಳಬೇಡಿ. ಅವರು ಚಿತ್ರ ಬರೆಯುವವರು. ನನ್ನ ಮಗಳ ಮಾವ. ಬೆಲ್ಜಿಯಂ ದೇಶದಲ್ಲಿ ಫ್ಲಾಂಡರ್ಸ್ ಎಂಬ ಸೀಮೆ ಇದೆಯಂತೆ, ಅಲ್ಲಿಯವರು. ದೇವರನ್ನು ಬರೆಯುವ ಚಿತ್ರಗಾರರು ಇರುತ್ತಾರೆ, ರಾಜರನ್ನು ಬರೆಯುವವರು ಇರುತ್ತಾರೆ, ಗುಡ್ಡ-ಹೊಳೆ ಬರೆಯುವವರೂ ಇರುತ್ತಾರೆ. ಆದರೆ ಆ ಸೀಮೆಯಲ್ಲಿ ಕೆಲವರು ನೂರಾರು ವರ್ಷದಿಂದ ಬರೆಯುತ್ತ ಬಂದದ್ದು ಏನು ಗೊತ್ತೇ? ಉಳ್ಳಾಗಡ್ಡಿ ಸುಲಿಯುವ ಹೆಂಗಸು, ಕುಡಿದು ಕವುಚಿಬಿದ್ದ ಗಂಡಸು, ಹಲ್ಲು ಕೀಳಿಸಿಕೊಂಡು ಬೊಬ್ಬೆ ಹೊಡೆಯುವ ರೈತ, ಕೂಸಿನ ಕುಂಡಿ ತೊಳೆಯುವ ತಾಯಿ! ಇಂಥದ್ದನ್ನು ನೋಡಲು ಚಿತ್ರ ಯಾಕೆ ಬೇಕು? ನಮ್ಮ ಗದಗದ ಕಡೆ ಯಾವ ಓಣಿಗೆ ಹೋದರೂ ಬಿಟ್ಟಿ ಕಾಣುತ್ತದೆ.

ಒಂದು ದಿನ ಅವರಿಗೇ ಕೇಳಿದೆ. "ಬೀಗರ, ಇಂಥಾ ಮಂದಿನ್ನೆಲ್ಲಾ ಯಾರು ನೋಡ್ತಾರ್ರೀ?"

ಅವರು ಬ್ರಶ್ಶಿನ ಹಿಂಬದಿಯಿಂದ ಬೆನ್ನು ಕೆರೆದುಕೊಂಡರು. "ಯಾರೂ ನೋಡಂಗಿಲ್ರೀ. ಅದಕ್ಕ ಬರೀತೀನಿ."

ಬೆಳ್ಳನೆಯ ಮುದುಕರು ಗದಗದ ಕನ್ನಡ ಆಡುತ್ತಾರಲ್ಲ ಎಂದು ಬೆಚ್ಚಬೇಡಿ. ಕಲಿಸಿದವಳು ನಾನು. ಹಾಗಾಗಿ ಅವರಿಗೆ ಬರುವ ಕನ್ನಡವೆಲ್ಲ ಉಣ್ಣುವುದು ಮತ್ತು ಬೈಯುವುದು, ಎರಡೇ. ಉಳಿದದ್ದನ್ನು ಇಂಗ್ಲಿಷಿನಲ್ಲಿ ದಾಟಿಸುತ್ತಾರೆ. ನಾನು ನಾಲ್ಕನೇ ಇಯತ್ತೆ. ನನ್ನ ಇಂಗ್ಲಿಷೂ ಅವರ ಇಂಗ್ಲಿಷೂ ಒಂದೇ ತೂಕದ್ದು. ನಮ್ಮ ಮಾತು ನಮಗಿಬ್ಬರಿಗೆ ಚೆನ್ನಾಗಿ ತಿಳಿಯುತ್ತದೆ, ನಾವಿರುವ ನ್ಯೂಜಿಲೆಂಡಿನವರಿಗೆ ಇಬ್ಬರದೂ ತಿಳಿಯುವುದಿಲ್ಲ.

ಅವರು ನ್ಯೂಜಿಲೆಂಡಿಗೆ ಬಂದದ್ದು ಒಬ್ಬ ನರ್ಸಮ್ಮನ ಬೆನ್ನು ಹತ್ತಿ. ಆಕೆ ಇಲ್ಲಿಯ ಪುಕೆಕೊಹೆ ಎಂಬ ಊರಲ್ಲಿ ಉಳ್ಳಾಗಡ್ಡಿ ಬೆಳೆಯುವವರ ಮಗಳು. ದೇಶ ನೋಡಲು ಅವರ ಊರಿಗೆ ಹೋಗಿದ್ದಳು. ಇವರು ಆಗ ಚರ್ಚುಗಳಲ್ಲಿ ಮಸಿ ಹಿಡಿದ ಹಳೆಯ ಚಿತ್ರಗಳನ್ನು ತೊಳೆಯುವ ಕೆಲಸದಲ್ಲಿದ್ದರು. ಹೇಗೆ ತೊಳೆಯುವುದು? ಹತ್ತಿಯ ಉಂಡೆಗೆ ಉಗುಳು ಹಚ್ಚಿ ಮೆಲ್ಲಗೆ ಉಜ್ಜುವುದಂತೆ! ದೇವರ ಮುಖಕ್ಕೆ ಉಗುಳು ಹಚ್ಚಿದವರಿಗೆ ಮುಂದಿನ ಬದುಕು ಹೇಗೆ ಸುಸೂತ್ರ ಆದೀತು, ನೀವೇ ಹೇಳಿ.

ಸುಸೂತ್ರ ಆಗಲಿಲ್ಲ. ಇಲ್ಲಿಗೆ ಬಂದವರೇ ಹೆಂಡತಿಯ ತವರಿನ ಹೊಲದ ಮೂಲೆಯಲ್ಲಿ ಒಂದು ತಗಡಿನ ಶೆಡ್ಡು ಹಾಕಿದರು. ಚಿತ್ರಗಾರನಾದವನು ಉತ್ತರದ ಗೋಡೆಗೇ ಕಿಟಕಿ ಇಡಬೇಕು ಎಂದು ಗುರುಗಳು ಹೇಳಿಕೊಟ್ಟಿದ್ದರಂತೆ. ಅವರ ದೇಶದಲ್ಲಿ ಉತ್ತರದ ಬೆಳಕು ತಂಪು, ದಿನವಿಡೀ ಒಂದೇ ಸಮ. ಇಟ್ಟರು, ಬಾಗಿಲಿಗಿಂತ ದೊಡ್ಡ ಕಿಟಕಿ. ಆದರೆ ಈ ದೇಶದಲ್ಲಿ ಸೂರ್ಯ ಉತ್ತರಕ್ಕೇ ವಾಲಿಕೊಂಡಿರುತ್ತಾನಲ್ಲ! ಬಿಸಿಲು ನೆಟ್ಟಗೆ ಒಳಗೆ ನುಗ್ಗಿ, ಹಸಿ ಬಣ್ಣ ಇಳಿದು, ಅವರು ಬರೆದ ಮುದುಕಿಯ ಮೂಗು ಗದ್ದಕ್ಕೆ ಬಂತಂತೆ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಮುಚ್ಚಿ ದಕ್ಷಿಣಕ್ಕೆ ಇನ್ನೊಂದು ಕಿಟಕಿ ಇಡುತ್ತಿದ್ದರು. ಇವರೂ ಇಟ್ಟರು. ಒಂದು ಚಳಿಗಾಲ, ಒಂದು ಬೇಸಿಗೆ ಪೂರ್ತಿ ಸೂರ್ಯನಿಗೆ ಬೈದ ಮೇಲೆ.

ಹೊಟ್ಟೆಪಾಡಿಗೆ ಉಳ್ಳಾಗಡ್ಡಿ ಪ್ಯಾಕ್ ಮಾಡುವ ಕಡೆ ಕೆಲಸ. ಅಲ್ಲಿ ಚಹಾದ ಬಿಡುವಿನಲ್ಲಿ ಜೊತೆಗೆ ದುಡಿಯುವ ಹೆಂಗಸರ ಚಿತ್ರ. ಆ ಹೆಂಗಸರು ಒಂದು ಸಲ ಚಿತ್ರ ನೋಡಿ ಆಮೇಲೆ ಬಿಡುವಿನಲ್ಲಿ ಹೊರಗೆ ಹೋಗಿ ಕೂಡತೊಡಗಿದರಂತೆ. ನರ್ಸಮ್ಮ ಬಹಳ ವರ್ಷ ಬಾಳಲಿಲ್ಲ. ಒಬ್ಬ ಮಗನನ್ನು ಕೊಟ್ಟು ಹೋದಳು. ಆ ಮಗನೇ ನನ್ನ ಅಳಿಯನಾದ.

ನನ್ನ ಮಗಳು ಆಗ ಪುಕೆಕೊಹೆಯ ಒಂದು ತರಕಾರಿ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದಳು. ಮದುವೆ ಗೊತ್ತಾದಾಗ ನನ್ನನ್ನು ಊರಿಂದ ಕರೆಸಿಕೊಂಡಳು. ಗಂಡ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು, ನನಗೇನು ಹಿಂದೆ-ಮುಂದೆ? ಬರುವಾಗ ಬೀಗರ ಆಯೇರಿಗೆ ಎಂದು ಒಂದು ಧೋತರ ತಂದಿದ್ದೆ. ಕೆಂಪು ದಡಿಯದು, ಕೈಮಗ್ಗದ್ದು, ಉಂಗುರದೊಳಗೆ ಹಾಯುವಷ್ಟು ನಯ. ಮಗಳು ತಲೆ ಚಚ್ಚಿಕೊಂಡಳು.

"ಅವ್ವಾ, ಅವರೆಲ್ಲಿ ಧೋತರ ಉಡ್ತಾರ? ಒಂದು ಶರ್ಟ್ ಕೊಟ್ರ ಸಾಕಿತ್ತು."

"ಗಂಡಿನ ಅಪ್ಪಗ ಆಯೇರಿ ಅಂದ್ರ ಧೋತರಾನ. ಉಟ್ರ ಉಡ್ಲಿ, ಬಿಟ್ರ ಬಿಡ್ಲಿ."

ಬೀಗರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಹೆಬ್ಬೆರಳು-ತೋರುಬೆರಳ ನಡುವೆ ಉಜ್ಜಿ ನೋಡಿದರು. ಬೆಳಕಿಗೆ ಹಿಡಿದು ಎಳೆ ನೋಡಿದರು. ಮೂಸಿದರು. ಅವರ ಕಣ್ಣಲ್ಲಿ ನೀರು ಬಂತು! ನಾನು ಮಗಳ ಕಡೆ ತಿರುಗಿ ಹುಬ್ಬು ಹಾರಿಸಿದೆ: ನೋಡಿದಿಯಾ, ಬೆಲೆ ಗೊತ್ತಿದ್ದವರು!

ಎಂಟು ದಿನ ಬಿಟ್ಟು ಅವರ ಶೆಡ್ಡಿಗೆ ಹೋದರೆ ಏನು ನೋಡುವುದು? ನನ್ನ ಧೋತರವನ್ನು ನಡುವೆ ಕತ್ತರಿಸಿ, ಎರಡು ತುಂಡು ಕೂಡಿಸಿ ಹೊಲಿದು, ಗೋಡೆಯಷ್ಟು ದೊಡ್ಡ ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಸುತ್ತಲೂ ಮೊಳೆ ಹೊಡೆದಿದ್ದಾರೆ. ಮೇಲೆ ಅಂಟು ಬಳಿದು, ಸುಣ್ಣದಂಥದ್ದನ್ನು ಬಳಿದಿದ್ದಾರೆ. ಕೆಳಗೆ ಕೆಂಪು ದಡಿಯೊಂದು ಉಳಿದಿದೆ.

"ಅಯ್ಯ ನನ್ನ ಶಿವನ! ಉಡಾಕ ಕೊಟ್ಟ ಧೋತರಕ್ಕ ಮೊಳಿ ಹೊಡದೀರಲ್ರೀ!"

ಅವರಿಗೆ ಕನ್ನಡ ಇನ್ನೂ ಬರುತ್ತಿರಲಿಲ್ಲ. ಆದರೂ ಬೈಗುಳ ಎಂದು ತಿಳಿಯಿತು. ಮಗಳು ನಡುವೆ ನಿಂತು ಆ ಕಡೆಯದು ಈ ಕಡೆಗೆ, ಈ ಕಡೆಯದು ಆ ಕಡೆಗೆ ಹೇಳಿದಳು. ಅವರು ಅಂದುಕೊಂಡದ್ದು ಇಷ್ಟು: ಅವರ ಸೀಮೆಯಲ್ಲಿ ಹಿಂದಿನ ಕಾಲದ ಚಿತ್ರಗಾರರು ಇಂಥ ನಯವಾದ ಬಟ್ಟೆಯ ಮೇಲೆ ಬರೆಯುತ್ತಿದ್ದರಂತೆ. ಹೆಣ್ಣಿನ ತಾಯಿ ಎಷ್ಟು ತಿಳಿದವಳು, ಚಿತ್ರಗಾರ ಬೀಗನಿಗೆ ಚಿತ್ರದ ಬಟ್ಟೆಯನ್ನೇ ಹುಡುಕಿ ತಂದಿದ್ದಾಳೆ! ಅದಕ್ಕೇ ಕಣ್ಣೀರು. ಉಡುವ ಬಟ್ಟೆ ಎಂದು ಗೊತ್ತಾದ ಮೇಲೆ ಬಿಳಿಯ ಮುಖ ಇನ್ನೂ ಬಿಳಿಚಿತು. ಕೊನೆಗೆ ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು: ಇದರ ಮೇಲೆ ನಮ್ಮ ಮಕ್ಕಳ ಮದುವೆ ಊಟ ಬರೆಯುತ್ತೇನೆ, ಅವರ ಮನೆಯ ಗೋಡೆಗೆ ಹಾಕುತ್ತೇನೆ.

ಕೆಟ್ಟದ್ದು ಅಲ್ಲಿಂದ ಸುರುವಾಯಿತು.

ಮದುವೆ ಊಟ ಉಳ್ಳಾಗಡ್ಡಿ ಪ್ಯಾಕ್ ಮಾಡುವ ದೊಡ್ಡ ಶೆಡ್ಡಿನಲ್ಲೇ ಇಟ್ಟುಕೊಂಡಿದ್ದೆವು. ನೆಲದ ಮೇಲೆ ಸಾಲಾಗಿ ಕೂಡಿಸಿ, ಫ್ರೀಜರಿನಲ್ಲಿಟ್ಟು ತಂದ ಬಾಳೆ ಎಲೆ ಹಾಕಿ, ಗೋಧಿ ಹುಗ್ಗಿ, ಎಣ್ಣೆಗಾಯಿ ಪಲ್ಯ, ರೊಟ್ಟಿ, ಶೇಂಗಾ ಚಟ್ನಿ. ಎಲ್ಲರೂ ಕೂತರು, ಗಂಡಿನ ಅಪ್ಪ ಒಬ್ಬರು ಬಿಟ್ಟು! ಅವರು ಮೂಲೆಯಲ್ಲಿ ಇದ್ದಿಲ ಕಡ್ಡಿ ಹಿಡಿದು ನಿಂತು, ಉಣ್ಣುವವರ ಬಾಯಿ ನೋಡಿ ನೋಡಿ ಗೀಚಿಕೊಳ್ಳುತ್ತಿದ್ದರು. ಬೀಗರ ಎಲೆಗೆ ಬಡಿಸಿದ್ದು ಆರಿ ಅಂಟಾಯಿತು. ನನಗಾದ ಅವಮಾನ ಕೇಳಬೇಡಿ.

ಆಮೇಲೆ ಬರೆಯುವುದು. ಅವರ ಪದ್ಧತಿಯಲ್ಲಿ ಬಣ್ಣ ತೆಳ್ಳಗೆ ಒಂದು ಪದರ ಹಚ್ಚಬೇಕು, ವಾರಗಟ್ಟಲೆ ಒಣಗಿಸಬೇಕು, ಮತ್ತೆ ಒಂದು ಪದರ. ಹುಗ್ಗಿಯ ಒಂದು ಪಾತ್ರೆಗೆ ಒಂದು ಇಡೀ ಮಳೆಗಾಲ! ನಾನು ಆ ಹುಗ್ಗಿ ಮಾಡಿದ್ದು ಮುಂಜಾನೆಯಿಂದ ಊಟದ ಹೊತ್ತಿಗೆ, ಇನ್ನೂರು ಮಂದಿಗೆ!

ಯಾರನ್ನು ಹೇಗೆ ಬರೆದರು ಎಂದರೆ, ಇಲ್ಲಿಯ ಕನ್ನಡ ಸಂಘದ ಹಿರಿಯರೊಬ್ಬರು ಬೆಲ್ಟು ಸಡಿಲು ಮಾಡುತ್ತಿರುವುದು. ಒಬ್ಬ ಹುಡುಗಿ ಪಕ್ಕದವರ ಎಲೆಯ ಹಪ್ಪಳ ಎತ್ತುತ್ತಿರುವುದು. ಒಬ್ಬರು ಬಾಯಿ ತೆರೆದು ನಿದ್ದೆ. ಸಾಲಿನ ಕೊನೆಗೆ ನರ್ಸಮ್ಮ, ಕೈಯಿಂದ ರೊಟ್ಟಿ ಮುರಿಯುತ್ತಿದ್ದಾಳೆ. ಸತ್ತವರಿಗೆ ಬಡಿಸಿದ ನೆನಪು ನನಗಿಲ್ಲ. ಕೇಳಿದರೆ, "ಆಕಿ ತಡಾ ಮಾಡಿ ಬಂದ್ಲು" ಅಂದರು. ನಟ್ಟನಡುವೆ ನನ್ನ ಮಗಳು, ಅಳಿಯ. ಅಳಿಯನ ಮೂಗಿಗೆ ಹುಗ್ಗಿ ಹತ್ತಿದೆ, ಮಗಳು ನೋಡಿ ನಗುತ್ತಿದ್ದಾಳೆ.

ಒಂದು ಸಲ ಬೇರೊಂದು ಚಿತ್ರಕ್ಕೆಂದು ಶೆಡ್ಡಿನ ಟೇಬಲ್ಲಿನ ಮೇಲೆ ಕುಂಬಳಕಾಯಿ, ಉಳ್ಳಾಗಡ್ಡಿ, ಒಂದು ಕ್ಯಾಬೀಜು ಜೋಡಿಸಿಟ್ಟಿದ್ದರಂತೆ. ನನಗೇನು ಗೊತ್ತು? ಹೋದೆ, ಬಾಗಿಲು ತೆರೆದಿತ್ತು, ಮನುಷ್ಯ ಇಲ್ಲ. ಕಾಯಿಪಲ್ಯ ಒಂದು ಕಡೆ ಬಾಡಿ ಸೊಪ್ಪಗಾಗಿತ್ತು. ಅಯ್ಯೋ, ಹೆಣ್ಣುದಿಕ್ಕಿಲ್ಲದ ಮನೆ, ತಂದಿಟ್ಟು ಅಡಿಗೆ ಮಾಡಿಕೊಳ್ಳಲೂ ಆಗಿಲ್ಲ ಎಂದು ಅಲ್ಲೇ ಹೆಚ್ಚಿ, ಅವರ ಒಲೆಯ ಮೇಲೆ ಒಗ್ಗರಣೆ ಹಾಕಿ ಪಲ್ಯ ಮಾಡಿಬಿಟ್ಟೆ. ಅವರು ಬಂದರು. ಉಂಡರು. ಎರಡನೇ ಸಲ ಹಾಕಿಸಿಕೊಂಡರು. ಬಟ್ಟಲು ಬಳಿದು ನೆಕ್ಕಿದರು. ಆಮೇಲೆ ಟೇಬಲ್ಲಿನ ಕಡೆ ತಿರುಗಿ ನೋಡಿದರು.

ಖಾಲಿ ಟೇಬಲ್ಲನ್ನು ಅಂಗೈಯಿಂದ ಸವರಿದರು.

"ಬೀಗತಿ," ಅಂದರು ಕೊನೆಗೆ, "ನಾ ಅರ್ಧಾ ಬರದಿದ್ದೆ."

"ಉಳದರ್ಧಾ ನಿಮ್ಮ ಹೊಟ್ಯಾಗ ಐತಿ, ನೋಡ್ಕೊಂಡು ಬರೀರಿ."

ಈಗಲೂ ಆ ಚಿತ್ರದಲ್ಲಿ ಕುಂಬಳಕಾಯಿ ಇದ್ದ ಜಾಗದಲ್ಲಿ ಒಂದು ಬೋಗುಣಿ ಪಲ್ಯ ಇದೆ. ನೋಡಿದವರು ಅದೇ ಛಲೋ ಬಂದಿದೆ ಅನ್ನುತ್ತಾರೆ.

ನೋಡಿದವರು ಅಂದೆನಲ್ಲ, ನೋಡುವವರಾದರೂ ಎಲ್ಲಿದ್ದರು? ಒಂದು ವರ್ಷ ಊರಿನ ಟೌನ್‌ಹಾಲಿನಲ್ಲಿ ಚಿತ್ರಗಳ ಪ್ರದರ್ಶನ. ಸುತ್ತಲಿನವರದೆಲ್ಲ ಸಮುದ್ರ, ಕುರಿ, ಹಿಮದ ಗುಡ್ಡ, ಹಕ್ಕಿ. ಮಾರಾಟವಾದದ್ದಕ್ಕೆ ಕೆಂಪು ಚುಕ್ಕೆ ಅಂಟಿಸುತ್ತಾರೆ. ಎಲ್ಲ ಕುರಿಗಳಿಗೂ ಬೇಗನೆ ಕುಂಕುಮ ಹತ್ತಿತು. ನಮ್ಮ ಬೀಗರದು ಕಾಲಿನ ಉಗುರು ಕತ್ತರಿಸಿಕೊಳ್ಳುವ ಟ್ರಕ್ ಡ್ರೈವರ್. ಸಂಜೆಯವರೆಗೆ ಒಂದು ನೊಣವೂ ಕೂಡಲಿಲ್ಲ. ಮುಚ್ಚುವ ಹೊತ್ತಿಗೆ ಒಬ್ಬಾಕೆ ಬಂದು, ಹಿಂದೆ ನೋಡಿ ಮುಂದೆ ನೋಡಿ, ಬಹಳ ಚೆಂದ ಎಂದಳು. ಕೊಂಡೂಬಿಟ್ಟಳು! ನನಗೆ ಎದೆ ತುಂಬಿತು. ಆಕೆ ಚೌಕಟ್ಟನ್ನು ಬಿಚ್ಚಿಸಿಕೊಂಡು, ಡ್ರೈವರನನ್ನು ನಮ್ಮ ಕೈಗೆ ಕೊಟ್ಟು ಹೋದಳು.

ನಾನು ಅತ್ತುಬಿಡುವವಳಿದ್ದೆ. ಬೀಗರು ಮಾತ್ರ ಸೀಟಿ ಹೊಡೆಯುತ್ತಿದ್ದರು.

"ಸೀಟಿ ಹೊಡೀತೀರಲ್ರೀ! ಮಾನಾ ಹೋತು!"

"ಚೌಕಟ್ಟೂ ನಾನ ಮಾಡಿದ್ದರೀ," ಅಂದರು.

ಇಂಥವರಿಗೆ ಏನು ಹೇಳುತ್ತೀರಿ? ಬಾಟನಿ ಡೌನ್ಸ್ ಎಂಬ ಬಡಾವಣೆಯಲ್ಲಿ ಬೆಂಗಳೂರಿನ ಒಂದು ಸಂಸಾರ ಇತ್ತು. ಗಂಡ-ಹೆಂಡತಿ ಇಬ್ಬರೂ ಒಳ್ಳೆ ಕೆಲಸದಲ್ಲಿದ್ದವರು. ಹೊಸ ಮನೆಯ ಹಾಲಿಗೆ ಫ್ಯಾಮಿಲಿ ಚಿತ್ರ ಬೇಕು ಎಂದು ನನ್ನ ಮೂಲಕ ಹೇಳಿಸಿದರು. ನಾನು ಬೇಡವೆಂದೆ, ಕೇಳಲಿಲ್ಲ. ಬೀಗರು ಅವರ ಮನೆಗೆ ಹೋಗಿ ಒಂದು ಭಾನುವಾರ ಕೂತು ಬಂದರು. ಚಿತ್ರ ಮುಗಿದ ಮೇಲೆ ಆಕೆಯ ಫೋನು.

"ಏನ್ ಆಂಟಿ ಇದು! ನಮ್ಮನೆಯವ್ರು ಹಲ್ಲಲ್ಲಿ ಕಡ್ಡಿ ಹಾಕ್ಕೊಂಡಿದ್ದಾರೆ! ಮಗ ಮೂಗಲ್ಲಿ ಬೆರಳು! ನಾನು ಫೋನ್ ನೋಡ್ಕೊಂಡು ಕೂತಿದೀನಿ! ರೇಷ್ಮೆ ಸೀರೆ ಉಟ್ಕೊಂಡು ರೆಡಿಯಾಗಿದ್ದೆ ಆಂಟಿ, ಅದನ್ನ ಬರೀಲೇ ಇಲ್ಲ!"

"ಸೀರಿ ಉಟ್ಟಿದ್ದು ಎಷ್ಟ ಹೊತ್ತು, ಫೋನ್ ನೋಡಿದ್ದು ಎಷ್ಟ ಹೊತ್ತು ಯವ್ವಾ?" ಅಂದೆ.

ಆಮೇಲೆ ಆಕೆ ಹಬ್ಬಕ್ಕೆ ಕರೆಯುವುದನ್ನು ಬಿಟ್ಟಳು. ಚಿತ್ರ ಗರಾಜಿನಲ್ಲಿ ಫ್ರೀಜರಿನ ಹಿಂದಿದೆ ಎಂದು ಕೇಳಿದ್ದೇನೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಮದುವೆ ಊಟದ ಚಿತ್ರದಲ್ಲಿ ಹಿಂದೆ, ಕಂಬದ ಹತ್ತಿರ, ಸೌಟು ಹಿಡಿದು ನಿಂತ ಹೆಂಗಸು ನಾನು. ಸೀರೆ ಬರೆದರು, ಕೈ ಬರೆದರು, ಸೌಟು ಬರೆದರು. ಮುಖ ಬರೆಯಲಿಲ್ಲ. ಅಲ್ಲಿ ಇನ್ನೂ ಬರೀ ಸುಣ್ಣ, ಅದರಡಿ ಧೋತರ. ನಾನೇ ಬೇಡವೆಂದಿದ್ದೆ.

"ಗಂಡ ಸತ್ತಾಕಿ ಮದವಿ ಚಿತ್ರದಾಗ ಯಾಕ್ರೀ? ನಾ ಅವತ್ತೂ ಹಿಂದ ನಿಂತಿದ್ದೆ."

"ಬಡಿಸಿದವರು ಯಾರ್ರೀ?"

"ನಾನ."

"ಮತ್ತ?"

ಸೆರಗು ಸರಿಮಾಡಿಕೊಂಡು ಸ್ಟೂಲಿನ ಕಡೆ ನಡೆದೆ. ಕೂತೆ. ಆದರೆ ಅವರ ಮುಂದೆ ಕೂಡುವುದು ಸುಮ್ಮನೆ ಮಾತಲ್ಲ. ಅಲುಗಬಾರದು, ಕೆರೆದುಕೊಳ್ಳಬಾರದು. ಅವರು ಇದ್ದದ್ದನ್ನು ಇದ್ದಂತೆ ಬರೆಯುವವರು. ಇದ್ದದ್ದು ಇದ್ದಂತೆ ನನಗೆ ಕನ್ನಡಿಯಲ್ಲೇ ಬೇಡವಾಗಿದೆ. ಸ್ವಲ್ಪ ಹೊತ್ತಾದ ಕೂಡಲೇ ಎದ್ದುಬಿಡುತ್ತಿದ್ದೆ.

"ಒಲಿ ಮ್ಯಾಲೆ ಹಾಲಿಟ್ಟು ಬಂದೀನ್ರೀ ಬೀಗರ, ಉಕ್ಕತೈತಿ."

ಪ್ರತಿ ಸಲವೂ ಇದೇ ಹಾಲು. ಒಂದು ದಿನ ಅವರು ಬ್ರಶ್ಶು ಹಿಡಿದುಕೊಂಡೇ ನನ್ನ ಹಿಂದೆ ನಮ್ಮ ಮನೆಯವರೆಗೆ ಬಂದರು. ಒಲೆ ತಣ್ಣಗಿತ್ತು. "ಸುಳ್ಳ! ಬೀಗತಿ ಸುಳ್ಳ!" ಎಂದು ಕುಣಿದರು. ಆಮೇಲೆ ಫ್ರಿಜ್ಜಿನ ಬಾಗಿಲು ತೆರೆದು, ಒಳಗಿದ್ದ ಹಾಲಿನ ಕ್ಯಾನಿಗೆ ಕೈಮುಗಿದು ಹೋದರು.

ಹೀಗೆ ವರ್ಷ ಹೋದವು. ಅಷ್ಟರಲ್ಲಿ ಬೀಗರ ಕಣ್ಣು ಕೆಟ್ಟವು. ಕೆಟ್ಟದ್ದಾದರೂ ಹೇಗೆ? ನೋಟದ ಅಂಚು ಕಾಣುತ್ತದೆ, ನಡುವಿನದು ಕಾಣುವುದಿಲ್ಲ. ಏನನ್ನು ನೆಟ್ಟಗೆ ನೋಡುತ್ತಾರೋ ಅದೇ ಮಾಯ! ಡಾಕ್ಟರು ಸೂಜಿ ಚುಚ್ಚಿದರು, ಕೊನೆಗೆ ಇನ್ನು ಇಷ್ಟೇ ಅಂದರು. ಯಾರೂ ಕಣ್ಣೆತ್ತಿ ನೋಡದ ಮಂದಿಯನ್ನು ನೋಡಿ ನೋಡಿ ಬರೆದ ಮನುಷ್ಯ, ಅವರಿಗೆ ಈ ಶಿಕ್ಷೆ. ಕುರಿ ಬರೆದವರೆಲ್ಲ ಕನ್ನಡಕವಿಲ್ಲದೆ ಕಾರು ಓಡಿಸುತ್ತಿದ್ದಾರೆ. ಇದರಲ್ಲಿ ಏನಾದರೂ ನ್ಯಾಯ ಇದೆಯೇ? ನಾನು ಹುಡುಕಿ ಸಾಕಾಗಿ ಬಿಟ್ಟಿದ್ದೇನೆ.

ಆಮೇಲೆ ಮದುವೆ ಮುರಿಯಿತು.

ಜಗಳವಾಗಿದ್ದರೆ ನಾನು ಬಿಡಿಸುತ್ತಿದ್ದೆ. ನಮ್ಮ ಓಣಿಯಲ್ಲಿ ಎಷ್ಟೋ ಜಗಳ ಬಿಡಿಸಿದವಳು. ಜಗಳವೇ ಆಗಲಿಲ್ಲ. ಮಾತು ಕಡಿಮೆಯಾಯಿತು, ಊಟ ಬೇರೆ ಬೇರೆ ಹೊತ್ತಿಗಾಯಿತು, ಹಾಸಿಗೆ ಬೇರೆ ಖೋಲಿಗೆ ಹೋಯಿತು. ಒಂದು ದಿನ ಮುಂಜಾನೆ ಇಬ್ಬರೂ ಕೂಡಿ ನನಗೆ ಚಹಾ ಮಾಡಿಕೊಟ್ಟು, ನನ್ನ ಎದುರಿಗೆ ಕೂತು ಹೇಳಿದರು. ಚಹಾ ಬಹಳ ಛಲೋ ಆಗಿತ್ತು. ಬೇರೆಯಾಗುವವರು ಅಷ್ಟು ಚೆಂದ ಚಹಾ ಮಾಡಬಾರದು.

ಅಳಿಯ ಆಸ್ಟ್ರೇಲಿಯಾಕ್ಕೆ ಹೊರಟ. ಮಗಳು ದೂರದ ಕ್ರೈಸ್ಟ್‌ಚರ್ಚಿನಲ್ಲಿ ಕೆಲಸ ಹಿಡಿದು ಅಲ್ಲಿನ ರಿಕ್ಕರ್ಟನ್ ಬಡಾವಣೆಯಲ್ಲಿ ಮನೆ ಮಾಡಿದಳು. ಪುಕೆಕೊಹೆಯ ಮನೆ ಮಾರಿದರು. ಸಾಮಾನಿನ ಜೊತೆ ನಾನೂ ಹೋಗುವುದು ಎಂದಾಯಿತು.

ಬೀಗರ ಶೆಡ್ಡಿಗೆ ಹೋದೆ. ಅವರಿಗೆ ಆಗಲೇ ಗೊತ್ತಾಗಿತ್ತು. ಚಿತ್ರದ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು.

"ಬಣ್ಣ ಇನ್ನೂ ಒಣಗಿಲ್ಲ ಬೀಗತಿ," ಅಂದರು. "ನನ್ನ ಮಗನ ಅಂಗಿ ಮುಟ್ಟಿದ್ರ ಇನ್ನೂ ಕೈಗೆ ಹತ್ತತೈತಿ."

"ನಡುವಿನ ಇಬ್ಬರನ್ನ ತೊಡದು ಹಾಕ್ರಿ," ಅಂದೆ ನಾನು. ಸಿಟ್ಟು ಬಂದಿತ್ತು. "ಸೊಟ್ಟ ಮಾರಿ ಮಾಡ್ರಿ. ನಗೂದು ಅಳಿಸ್ರಿ."

ಅವರು ನನ್ನ ಕಡೆ ತಿರುಗಿದರು. "ಅವತ್ತ ನಕ್ಕಿದ್ರು, ಹೌದಲ್ರೀ?"

"ನಕ್ಕಿದ್ರು."

"ನಾ ಸುಳ್ಳ ಬರದಿಲ್ಲ."

ಆಮೇಲೆ ತಾವೇ ನಕ್ಕರು. ನೆಟ್ಟಗೆ ನೋಡಿದರೆ ನಡುವಿನ ಇಬ್ಬರೂ ತಮಗೆ ಕಾಣುವುದೇ ಇಲ್ಲ, ಊಟದ ಸಾಲು ಅಷ್ಟೇ ಕಾಣುತ್ತದೆ, ಕಣ್ಣು ಕೆಟ್ಟದ್ದು ಸರಿಯಾದ ಹೊತ್ತಿಗೇ ಕೆಟ್ಟಿತು ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನಗೆ ನಗು ಬರಲಿಲ್ಲ.

ಹೀಗಾದಾಗ ನಿಮ್ಮ ಕಡೆ ಏನು ಮಾಡುತ್ತಾರೆ ಎಂದು ಕೇಳಿದರು. ಕೇಳಿದರು, ಇದ್ದದ್ದನ್ನು ಹೇಳಿದೆ.

"ಸಂಬಂಧ ಹರಿದ್ರ ಕೊಟ್ಟಿದ್ದು ತಂದಿದ್ದು ಹೊಳ್ಳಿ ಕೊಡ್ತಾರ್ರೀ. ಅರಿವಿ, ಬಂಗಾರ, ಎಲ್ಲಾ. ಆಮ್ಯಾಲ ಬೀಗರೂ ಇಲ್ಲ, ಬೀಗತಿನೂ ಇಲ್ಲ. ಬಾಜಾರದಾಗ ಸಿಕ್ರ ಮಾರಿ ತಿರುವಿ ಹೋಗೂದು."

ಅವರು ಎದ್ದು ಚಿತ್ರದ ಹತ್ತಿರ ಹೋದರು. ಬಗ್ಗಿ, ಕೆಳಗಿನ ಕೆಂಪು ದಡಿಯ ಮೇಲೆ ಬೆರಳಾಡಿಸಿದರು. ಹೇಳಬಾರದಿತ್ತು ಅನ್ನಿಸಿತು. ಈ ಮನುಷ್ಯ ಏನಾದರೂ ಕೇಳಿದರೆ ಅದನ್ನು ಹಾಗೇ ಹಿಡಿದುಕೊಳ್ಳುವವರು. ಉತ್ತರಕ್ಕೆ ಕಿಟಕಿ ಎಂದರೆ ಉತ್ತರಕ್ಕೇ ಇಟ್ಟವರು!

ಹಾಗೇ ಆಯಿತು. ನೀವು ಕೊಟ್ಟದ್ದು ಧೋತರ, ಅದನ್ನು ಹೊಳ್ಳಿ ಕೊಡಲೇಬೇಕು ಎಂದು ಹಟ ಹಿಡಿದರು. ಆದರೆ ಅವರ ಕಸುಬಿನಲ್ಲಿ ಒಂದು ಕಟ್ಟಳೆ: ಮುಗಿಯದ ಕೆಲಸ ಚಿತ್ರಗಾರನ ಬಾಗಿಲು ದಾಟಬಾರದು. ಅದಕ್ಕೆ ಹಗಲೆಲ್ಲ ಬರೆಯತೊಡಗಿದರು. ಎಂಟು ವರ್ಷ ಬೆರಳೆಣಿಸುತ್ತ ಕೂತವರು ಈಗ ಊಟ-ನೀರು ಬಿಟ್ಟು ಬರೆದರು. ಕಂಬ ಮುಗಿಯಿತು, ಹಪ್ಪಳ ಮುಗಿಯಿತು, ಸಂಘದ ಹಿರಿಯರ ಬೆಲ್ಟು ಮುಗಿಯಿತು. ಉಳಿದದ್ದು ನನ್ನ ಮುಖ ಒಂದು.

ಮಗಳಿಗೆ ಹೇಳಿದರೆ ಅವಳು ಕಿಟಕಿಯ ಹೊರಗೆ ನೋಡುತ್ತ ಅಂದಳು: "ಅವ್ವಾ, ಆ ಚಿತ್ರ ತಂದ್ರ ನಾ ಮನಿ ಬಾಗಲಾ ತೆಗಿಯಂಗಿಲ್ಲ. ನನ್ನ ನಗಿ ನನಗ ನೋಡಾಕ ಆಗಂಗಿಲ್ಲ."

"ನಿಮ್ಮ ಮಾವ ಕೇಳಬೇಕಲ್ಲ."

"ಮಾವ ಅಲ್ಲ ಅವರೀಗ," ಅಂದಳು ಮಗಳು. ಅಂದು, ತಾನೇ ತುಟಿ ಕಚ್ಚಿಕೊಂಡಳು.

ಹೊರಡುವ ಹಿಂದಿನ ದಿನ ಟ್ರಕ್ಕು ಬಂತು. ಸಾಮಾನು ಹೇರಲು ಬಂದವರು ಯಾರು? ಇದೇ ಬೀಗರು. ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಅವರೇ ಕಟ್ಟಿದರು. ಹಾಲಿನ ಪಾತ್ರೆಯನ್ನು ಹಳೆಯ ಪೇಪರಿನಲ್ಲಿ ಸುತ್ತುವಾಗ ನನ್ನ ಕಡೆ ನೋಡಿ ಒಂದು ಕಣ್ಣು ಹೊಡೆದರು. ಬೀಗತಿಗೆ ಕಣ್ಣು ಹೊಡೆಯುವುದು ಯಾವ ದೇಶದ ಪದ್ಧತಿಯೋ!

ಮರುದಿನ ವಿಮಾನ ಸಂಜೆಗಿತ್ತು. ಮುಂಜಾನೆ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಶೆಡ್ಡಿಗೆ ಹೋದೆ. ಇವತ್ತು ಕೂಡುತ್ತೇನೆ, ಹೇಗಾದರೂ ಬರೆದುಕೊಳ್ಳಲಿ, ಬದನೆಕಾಯಿ ಮೂಗೇ ಇಡಲಿ, ಮುಗಿದುಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಅವರು ದಕ್ಷಿಣದ ಕಿಟಕಿಯ ಹತ್ತಿರ ಸ್ಟೂಲು ಹಾಕಿ, ಒರೆಸಿ, "ಕೂಡ್ರಿ ಬೀಗತಿ" ಅಂದರು. ಸುತ್ತಿ ಕಟ್ಟಲು ಹಗ್ಗ, ಒಂದು ಹಳೆಯ ಹೊದಿಕೆ ತಯಾರಾಗಿ ಬಾಗಿಲಲ್ಲಿದ್ದವು.

ಕೂತೆ. ಅಲುಗಲಿಲ್ಲ. ಕೆರೆದುಕೊಳ್ಳಲೂ ಇಲ್ಲ.

ನನ್ನ ಮುಖ ನೆಟ್ಟಗೆ ನೋಡಿದರೆ ಅವರಿಗೆ ಕಾಣುವುದಿಲ್ಲವಲ್ಲ. ಅದಕ್ಕೆ ಅವರು ಮೋರೆ ಆ ಕಡೆ ತಿರುಗಿಸಿ, ಮೂಲೆಯ ಉಳ್ಳಾಗಡ್ಡಿ ಚೀಲವನ್ನು ನೋಡುತ್ತ, ಕಣ್ಣಂಚಿನಿಂದ ನನ್ನನ್ನು ನೋಡಿದರು. ನನ್ನನ್ನು ನೋಡಬೇಕಾದರೆ ನನ್ನಿಂದ ಮುಖ ತಿರುಗಿಸಬೇಕು! ಹಾಗೆ ಬಹಳ ಹೊತ್ತು ನೋಡಿದರು. ನನ್ನನ್ನು ಅಷ್ಟು ಹೊತ್ತು ಯಾರೂ ನೋಡಿದ್ದು ನನಗೆ ನೆನಪಿಲ್ಲ. ಕಟ್ಟಿಕೊಂಡ ಗಂಡನೂ ನೋಡಿರಲಿಲ್ಲ. ಆಮೇಲೆ ಬ್ರಶ್ಶನ್ನು ಬಣ್ಣಕ್ಕೆ ಅದ್ದಿ, ಆ ಬಿಳಿಯ ಜಾಗದ ಹತ್ತಿರ ಒಯ್ದರು.

ಆಗ ನನ್ನ ಕಣ್ಣು ಕೆಂಪು ದಡಿಯ ಮೇಲೆ ಬಿತ್ತು. ಮುಖ ಬರೆದರೆ ಚಿತ್ರ ಮುಗಿಯಿತು. ಚಿತ್ರ ಮುಗಿದರೆ ಧೋತರ ನನ್ನ ಕೈಗೆ. ಧೋತರ ನನ್ನ ಕೈಗೆ ಬಂದರೆ ನಾನು ಯಾರು, ಅವರು ಯಾರು? ಬಾಜಾರದಲ್ಲಿ ಸಿಕ್ಕರೆ ಮುಖ ತಿರುಗಿಸಿ ಹೋಗುವವರು.

ಎದ್ದುನಿಂತೆ.

"ಬೀಗರ," ಅಂದೆ, "ಒಲಿ ಮ್ಯಾಲೆ ಹಾಲಿಟ್ಟು ಬಂದೀನ್ರೀ."

ಬ್ರಶ್ಶು ಅಲ್ಲೇ ನಿಂತಿತು. ಈಗ ಕುಣಿಯುತ್ತಾರೆ, ಈಗ 'ಸುಳ್ಳ' ಅನ್ನುತ್ತಾರೆ ಎಂದು ಕಾದೆ. ಮನೆಯಲ್ಲಿ ಒಂದು ಚಮಚವೂ ಇರಲಿಲ್ಲ. ಹಾಲಿನ ಪಾತ್ರೆಯನ್ನು ಪೇಪರಿನಲ್ಲಿ ಸುತ್ತಿ ಟ್ರಕ್ಕಿಗೆ ಹಾಕಿದವರು ಅವರೇ.

ಅವರು ಉಳ್ಳಾಗಡ್ಡಿ ಚೀಲದ ಕಡೆ ಮುಖ ಮಾಡಿಕೊಂಡೇ ನನ್ನನ್ನು ಇನ್ನೊಮ್ಮೆ ನೋಡಿದರು. ಬ್ರಶ್ಶನ್ನು ಎಣ್ಣೆಗೆ ಅದ್ದಿ, ಬಣ್ಣ ಹೋಗುವವರೆಗೆ ಚಿಂದಿಯಿಂದ ಒರೆಸಿ, ಡಬ್ಬಿಯಲ್ಲಿ ನಿಲ್ಲಿಸಿದರು. ಬಾಗಿಲಲ್ಲಿದ್ದ ಹಗ್ಗವನ್ನು ಎತ್ತಿ ಮೊಳೆಗೆ ತೂಗುಹಾಕಿದರು.

"ಹೋಗ್ರಿ ಬೀಗತಿ," ಅಂದರು. "ಲಗೂನ ಹೋಗ್ರಿ. ಉಕ್ಕೀತು."